ಮೀನಿಲ್ಲದ ಮೂವತ್ತಾರು ದಿನ

ನಮ್ಮ ಮನೆ ಹಾಲ್‌ನಲ್ಲಿ ಈಗ ಎರಡಡಿ ಉದ್ದದ ಒಂದು ಕೆರೆ ಇದೆ. ಕೆರೆ ಅಂತ ಹೆಸರಿಟ್ಟಿದ್ದು ನಾನಲ್ಲ, ಮೂರೂವರೆ ವರ್ಷದ ನನ್ನ ಮಗಳು. ಬೆಂಗಳೂರಿನ ಕೆರೆ ಅಂದ್ರೆ ಬರೀ ನೊರೆ ಅಂತ ನಗೋರ ಮಧ್ಯೆ, ನಮ್ಮ ಕೆರೆಯಲ್ಲಿ ತಳದ ಕಲ್ಲು ಕಾಣುತ್ತೆ ಅನ್ನೋದು ನಮ್ಮ ಸಣ್ಣ ಹೆಮ್ಮೆ :-)

ಮೀನು ಬೇಕು ಅನ್ನೋದು ಮಗಳ ಬೇಡಿಕೆ. ನಿಜವಾದ ಗಿಡ ಇರೋ ಅಕ್ವೇರಿಯಂ ಆಗ್ಬೇಕು ಅನ್ನೋದು ನನ್ನ ಹಠ. ನೀಲಿ ಕಲ್ಲು, ಬಾಯಿ ತೆರೆದು ಗುಳ್ಳೆ ಬಿಡೋ ಪ್ಲಾಸ್ಟಿಕ್ ಮೊಸಳೆ ಇವೆಲ್ಲ ಮನೆಯೊಳಗೆ ಬರಕೂಡದು ಅನ್ನೋದು ಇವಳ ಶರತ್ತು. ಇದ್ಯಾವುದೂ ಬೇಡ ಅಂದಿದ್ದು ಅಮ್ಮ.

ಅಮ್ಮ ತೀರ್ಥಹಳ್ಳಿ ಕಡೆಯವಳು. ಅಪ್ಪ ಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಒಬ್ಬಳೇ ಇರೋದು ಬೇಡ ಅಂತ ಹೋದ ವರ್ಷ ನಾವೇ ಒತ್ತಾಯ ಮಾಡಿ ಕರ್ಕೊಂಡು ಬಂದ್ವಿ. ಮೂರನೇ ಮಹಡಿ, ಎರಡು ಬೆಡ್‌ರೂಮು, ಒಂದು ಬಾಲ್ಕನಿ. ಮಲೆನಾಡಿನವರಿಗೆ ಹತ್ತುಮೀನಿನ ಬಗ್ಗೆ ಹೊಸದಾಗಿ ಹೇಳ್ಬೇಕಿಲ್ಲ. ಮೊದಲ ಮಳೆ ಜೋರಾಗಿ ಹೊಡೆದಾಗ ಹೊಳೆಯ ಮೀನು ಹೊಸನೀರಿಗೆ ಎದುರಾಗಿ ಹಳ್ಳ, ತೋಡು, ಗದ್ದೆ ತನಕ ಹತ್ತಿ ಬರುತ್ತೆ, ಮೊಟ್ಟೆ ಇಡೋದಕ್ಕೆ. ಅಪ್ಪ ಟಾರ್ಚ್, ಕತ್ತಿ ಹಿಡ್ಕೊಂಡು ರಾತ್ರಿ ಗದ್ದೆಗೆ ಇಳಿಯೋರು. ಅಮ್ಮ ಬೆಳಗಿನ ಜಾವ ಮಸಾಲೆ ಅರೆಯೋಳು. ಅಮ್ಮನಿಗೆ ಮೀನು ಅಂದ್ರೆ ಗೊತ್ತಿರೋದು ಹಾಗೆ. ಹಾಗಾಗಿ ಅವಳ ಪ್ರಶ್ನೆಯೂ ನೇರ.

"ಮೀನು ಹಿಡಿದ್ರೆ ತಿನ್ಬೇಕು, ಇಲ್ಲಾಂದ್ರೆ ಹಳ್ಳಕ್ಕೆ ಬಿಡ್ಬೇಕು. ಎರಡೂ ಇಲ್ದೆ ಪೆಟ್ಟಿಗೆಯೊಳಗೆ ಇಟ್ಕೊಂಡು ನೋಡೋದು ಎಂತಕ್ಕೆ ಮಾರಾಯ?"

ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಅದಕ್ಕೆ ಒಂದು ಒಪ್ಪಂದಕ್ಕೆ ಬಂದ್ವಿ. ಮೊದಲು ಬರೀ ನೀರು, ಗಿಡ. ಆ ನೀರಲ್ಲಿ ಮೀನು ಕಷ್ಟ ಇಲ್ದೆ ಬದುಕುತ್ತೆ ಅಂತ ಖಾತ್ರಿ ಆದ್ಮೇಲೇ ಮೀನು. ಖಾತ್ರಿ ಆಗ್ಲಿಲ್ವಾ, ತೊಟ್ಟಿ ತುಂಬಾ ಬರೀ ಗಿಡ.

ಅಮ್ಮನನ್ನ ಸಮಾಧಾನ ಮಾಡೋಕೆ ಹೇಳಿದ ಮಾತಲ್ಲ ಇದು. ಹೊಸದಾಗಿ ಮೀನು ಸಾಕೋರು ಹೆಚ್ಚಾಗಿ ಸೋಲೋದೇ ಇಲ್ಲಿ. ಮೀನಿನ ಕಿವಿರು ಮತ್ತು ಹೊಲಸಿನಿಂದ, ಮಿಕ್ಕ ಆಹಾರ ಕೊಳೆಯೋದ್ರಿಂದ ನೀರಿಗೆ ಅಮೋನಿಯಾ ಸೇರುತ್ತೆ. ಅದು ಮೀನಿಗೆ ವಿಷ. ನೀರಿನ ಪಿಎಚ್ ಜಾಸ್ತಿ ಇದ್ದಷ್ಟೂ ಇನ್ನೂ ವಿಷ. ಹೊಳೆಯಲ್ಲಿ ಇದನ್ನ ತಿಂದು ನೈಟ್ರೈಟ್ ಮಾಡೋ ಬ್ಯಾಕ್ಟೀರಿಯಾ ಇರುತ್ತವೆ, ನೈಟ್ರೈಟನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾನೂ ಇರುತ್ತವೆ. ನೈಟ್ರೈಟ್ ಕೂಡ ವಿಷವೇ, ನೈಟ್ರೇಟ್ ಮಾತ್ರ ಸ್ವಲ್ಪ ಪ್ರಮಾಣದಲ್ಲಿ ಇದ್ರೆ ತೊಂದರೆ ಇಲ್ಲ, ಗಿಡಕ್ಕೆ ಅದೇ ಗೊಬ್ಬರ. ಹೊಸ ಗಾಜಿನ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಬೇಕಾದಷ್ಟು ಇರೋದಿಲ್ಲ. ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನವೇ ಮೀನು ಬಿಟ್ರೆ ಅದು ಟೆಸ್ಟಿಂಗ್ ಇಲ್ದೆ ನೇರ ಪ್ರೊಡಕ್ಷನ್‌ಗೆ ಕೋಡ್ ಹಾಕಿದ ಹಾಗೆ. ವ್ಯತ್ಯಾಸ ಏನಂದ್ರೆ ಇಲ್ಲಿ ರೋಲ್‌ಬ್ಯಾಕ್ ಇಲ್ಲ.

ಈ ಬ್ಯಾಕ್ಟೀರಿಯಾಗಳ ಕಥೆಯೇ ಒಂದು ಮಜಾ. 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಅನ್ನೋ ರಷ್ಯಾದ ವಿಜ್ಞಾನಿ ಇದು ಎರಡು ಹಂತದ ಕೆಲಸ, ಎರಡು ಬೇರೆ ಬೇರೆ ಗುಂಪಿನ ಬ್ಯಾಕ್ಟೀರಿಯಾ ಮಾಡ್ತವೆ ಅಂತ ತೋರಿಸಿದ್ದರು. ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ಹಾಗೇ ನಂಬಿದ್ರು. 2015ರಲ್ಲಿ ಎರಡೂ ಹಂತವನ್ನ ಒಂದೇ ಬ್ಯಾಕ್ಟೀರಿಯಾ ಮಾಡೋದು ಸಿಕ್ಕಿತು. ಅದನ್ನ ಕಂಡುಹಿಡಿದ ಎರಡು ತಂಡಗಳಲ್ಲಿ ಒಂದಕ್ಕೆ ಅದು ಸಿಕ್ಕಿದ್ದು ಮೀನು ಸಾಕೋ ತೊಟ್ಟಿಯ ಫಿಲ್ಟರ್‌ನಲ್ಲಿ!

ಅಂಗಡಿಯವನಿಗೆ ಇದೆಲ್ಲ ಬೇಕಿರ್ಲಿಲ್ಲ. "ಇವತ್ತೇ ಹಾಕ್ಬಹುದು ಸಾರ್, ಈ ಬಾಟ್ಲಿ ಎರಡು ಮುಚ್ಚಳ ಹಾಕಿ, ಏನೂ ಆಗಲ್ಲ" ಅಂತ ಎರಡು ಗೋಲ್ಡ್‌ಫಿಶ್ ಕವರಿಗೆ ಹಾಕೋಕೇ ಹೊರಟಿದ್ದ. ಮಗಳು ಕೈ ಚಾಚಿದ್ಲು. ಖಾಲಿ ತೊಟ್ಟಿ ಮಾತ್ರ ತಗೊಂಡು ಬಂದ್ವಿ. ದಾರಿಯುದ್ದಕ್ಕೂ ಅಳು.

ತೊಟ್ಟಿಯ ಅಳತೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಪೂರ್ತಿ ತುಂಬಿದ್ರೆ ಸುಮಾರು 57 ಲೀಟರ್. ಅಂದ್ರೆ ನೀರೇ 57 ಕೇಜಿ, ಗಾಜು, ಮಣ್ಣು, ಮರಳು ಸೇರಿದ್ರೆ ಎಪ್ಪತ್ತು ದಾಟುತ್ತೆ. ಪುಸ್ತಕದ ಶೆಲ್ಫ್ ಮೇಲೆ ಇಡೋ ಯೋಚನೆ ಇದ್ರೆ ಬಿಟ್ಬಿಡಿ. ಗಟ್ಟಿ ಮರದ ಸ್ಟ್ಯಾಂಡ್ ಬೇಕು, ತಳಕ್ಕೆ ಒಂದು ಥರ್ಮೋಕೋಲ್ ಹಾಳೆ ಬೇಕು. ಬಿಸಿಲು ನೇರ ಬೀಳೋ ಕಿಟಕಿ ಹತ್ರ ಇಡಬೇಡಿ, ನೀರು ಹಸಿರಾಗಿ ಪಾಚಿ ಕಟ್ಟುತ್ತೆ. ತುಂಬಾ ಚಿಕ್ಕ ಬುಟ್ಟಿಯಂಥ ಬೌಲೂ ಬೇಡ. ನೀರು ಕಮ್ಮಿ ಇದ್ದಷ್ಟೂ ಅದು ಬೇಗ ಕೆಡುತ್ತೆ.

ತಳಕ್ಕೆ ಒಂದಿಂಚು ಮಣ್ಣು, ಮೇಲೆ ಒಂದಿಂಚು ದಪ್ಪ ಮರಳು. ಡಯಾನಾ ವಾಲ್‌ಸ್ಟಡ್ ಅನ್ನೋ ಅಮೆರಿಕದಾಕೆ 1999ರಲ್ಲಿ ಬರೆದ ಪುಸ್ತಕದಿಂದ ಜನಪ್ರಿಯ ಆದ ವಿಧಾನ ಇದು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಡ, ದುಬಾರಿ ಲೈಟ್ ಬೇಡ. ನರ್ಸರಿಯಿಂದ ಗೊಬ್ಬರ ಬೆರೆಸದ ಕೆಂಪು ಮಣ್ಣು ತಂದಿದ್ದೆ. ಅದನ್ನ ಬಾಲ್ಕನಿಯಲ್ಲಿ ಸುರಿದಾಗ ಅಮ್ಮ ಒಂದು ಹಿಡಿ ತಗೊಂಡು ಮೂಸಿ ನೋಡಿದ್ಲು. ಏನೂ ಹೇಳ್ದೆ ಒಳಗೆ ಹೋಗಿ ಜರಡಿ ತಂದ್ಲು. ಇಡೀ ಮಧ್ಯಾಹ್ನ ಕೂತು ಕಡ್ಡಿ, ಬೇರು, ಕಲ್ಲು ಎಲ್ಲ ತೆಗೆದು ಜರಡಿ ಹಿಡಿದು ಕೊಟ್ಲು. ಬೆಂಗಳೂರಿಗೆ ಬಂದ್ಮೇಲೆ ಅವಳು ಮಣ್ಣು ಮುಟ್ಟಿದ್ದು ಅವತ್ತೇ ಮೊದಲು ಅಂತ ನನಗೆ ರಾತ್ರಿ ಹೊಳೀತು.

ನೀರು ಕಾವೇರಿದು. ಅದರಲ್ಲಿ ಕ್ಲೋರಿನ್ ಇರುತ್ತೆ, ಮೀನಿನ ಕಿವಿರಿಗೂ ಆಗಲ್ಲ, ಆ ಬ್ಯಾಕ್ಟೀರಿಯಾಗೂ ಆಗಲ್ಲ. ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ರೆ ಹಾರಿ ಹೋಗುತ್ತೆ. ಅರ್ಜೆಂಟ್ ಇದ್ರೆ ಅಂಗಡಿಯಲ್ಲಿ ಸೋಡಿಯಂ ಥಯೋಸಲ್ಫೇಟ್ ಹರಳು ಸಿಗುತ್ತೆ. ಬೋರ್ ನೀರು, ಟ್ಯಾಂಕರ್ ನೀರು ಗಡಸು ಇದ್ರೂ ಅದಕ್ಕೆ ಹೊಂದೋ ಗಿಡ, ಮೀನು ಇವೆ, ಆದ್ರೆ ವಾರಕ್ಕೊಂದು ಥರದ ನೀರು ಹಾಕ್ಬಾರದು.

ಗಿಡಗಳಲ್ಲಿ ನಾವು ಹಾಕಿದ್ದು ನಾಲ್ಕು. ರಿಬ್ಬನ್ ಥರ ಉದ್ದ ಎಲೆಯ ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್, ಜಾವಾ ಫರ್ನ್, ಬಕೋಪಾ. ಜಾವಾ ಫರ್ನ್‌ನ ದಪ್ಪ ಕಾಂಡವನ್ನ ಮರಳಲ್ಲಿ ಹೂಳಬಾರದು, ಕೊಳೆಯುತ್ತೆ. ಕಲ್ಲಿಗೆ ದಾರದಲ್ಲಿ ಕಟ್ಟಬೇಕು. ಬಕೋಪಾ ಕಟ್ಟು ಬಿಚ್ಚುವಾಗ ಅಮ್ಮ ಒಂದು ಎಲೆ ಕಿತ್ತು ಬಾಯಿಗೆ ಹಾಕ್ಕೊಂಡು, "ಇದು ನೀರುಬ್ರಾಹ್ಮಿ ಅಲ್ವನೋ! ಗದ್ದೆ ಬದುವಿನಲ್ಲಿ ಬೀಳೋದನ್ನ ದುಡ್ಡು ಕೊಟ್ಟು ತಂದ್ಯಾ?" ಅಂದ್ಲು. ಹೌದು, ಅದೇ. ಕಟ್ಟಿಗೆ ಎಂಬತ್ತು ರೂಪಾಯಿ. ಎಷ್ಟು ಕೊಟ್ಟೆ ಅಂತ ಕೇಳಿದ್ದಕ್ಕೆ ನಾನು ಮಾತು ಬದಲಾಯಿಸಿದೆ.

ಹೀಗೆ ಗಿಡ, ಮೀನು ಎರಡೂ ಒಂದಕ್ಕೊಂದು ಆಧಾರವಾಗಿ ಬದುಕಬಹುದು ಅಂತ ಪ್ರಯೋಗ ಮಾಡಿ ಬರೆದವನು ಲಂಡನ್ನಿನ ಕೆಮಿಸ್ಟ್ ರಾಬರ್ಟ್ ವಾರಿಂಗ್ಟನ್, 1850ರಲ್ಲಿ. ಅವನ ತೊಟ್ಟಿಯಲ್ಲಿ ಇದ್ದದ್ದೂ ಇದೇ ವ್ಯಾಲಿಸ್ನೇರಿಯಾ, ಎರಡು ಗೋಲ್ಡ್‌ಫಿಶ್. ಎಲೆ ಕೊಳೆತು ನೀರು ಕೆಡೋಕೆ ಶುರುವಾದಾಗ ಬಸವನಹುಳು ಬಿಟ್ಟ, ನೀರು ತಿಳಿಯಾಯ್ತು. ನಮ್ಮಲ್ಲಿ ಬಸವನಹುಳು ಕರೆಯದೇ ಬಂತು, ಗಿಡದ ಜೊತೆ.

ಆಮೇಲೆ ಶುರುವಾಯ್ತು ಕಾಯೋದು. ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಹಾಕೋದು, ಅದು ಕೊಳೆತು ಅಮೋನಿಯಾ ಆಗ್ಲಿ ಅಂತ. ಇಲ್ಲದ ಮೀನಿಗೆ ಊಟ ಹಾಕೋ ಅಪ್ಪನನ್ನ ಮಗಳು ಅನುಮಾನದಿಂದ ನೋಡೋಳು. ಮೀನಿಲ್ಲದ ನೀರು ಅಂದ್ರೆ ಸೊಳ್ಳೆಗೆ ಹಬ್ಬ, ಡೆಂಗ್ಯೂ ಭಯ ಬೇರೆ. ಇವಳು ಹಳೇ ಸೊಳ್ಳೆಪರದೆ ಕತ್ತರಿಸಿ ಮೇಲೆ ಬಿಗಿಯಾಗಿ ಕಟ್ಟಿದ್ಲು. ಲೈಟಿಗೆ ಟೈಮರ್ ಹಾಕಿ ದಿನಕ್ಕೆ ಆರು ಗಂಟೆ. ಟೆಸ್ಟ್ ಕಿಟ್‌ನ ಹನಿ ಹಾಕಿ ಬಣ್ಣ ನೋಡಿ ಕ್ಯಾಲೆಂಡರ್ ಮೇಲೆ ಬರೆಯೋದು.

ಐದನೇ ದಿನ ಅಮೋನಿಯಾ 1 ಪಿಪಿಎಂ. ಹದಿನಾಲ್ಕನೇ ದಿನ 2, ಜೊತೆಗೆ ನೈಟ್ರೈಟ್ ಕಾಣಿಸ್ಕೊಳ್ತು. ಗಾಜಿಗೆಲ್ಲ ಕಂದು ಪಾಚಿ. ಕ್ರಿಪ್ಟೊಕೊರೈನ್‌ನ ಎಲೆಗಳೆಲ್ಲ ಕರಗಿ ಲೋಳೆಯಾಗಿ ಬಿದ್ವು. ಜಾಗ ಬದಲಾದ್ರೆ ಈ ಗಿಡ ಹೀಗೆ ಮಾಡುತ್ತೆ ಅಂತ ಓದಿದ್ದೆ, ಆದ್ರೂ ಕಣ್ಣಾರೆ ನೋಡೋದು ಬೇರೆ. ಕಿತ್ತು ಹಾಕೋಣ ಅಂತ ಕೈ ಹಾಕಿದಾಗ ತಡೆದಿದ್ದು ಅಮ್ಮ.

"ಕೀಳ್ಬೇಡ. ನಾಟಿ ಮಾಡಿದ ಸಸಿ ಮೊದ್ಲು ಹಳದಿ ಆಗೇ ಆಗುತ್ತೆ. ಬೇರು ಹಿಡಿಯೋ ತನಕ ಹಾಗೇ. ಆಗ ಮುಟ್ಟಿದ್ರೆ ಹೋಯ್ತು."

ಹತ್ತು ದಿನಕ್ಕೆ ಬುಡದಿಂದ ಹೊಸ ಸುಳಿ ಬಂತು. ಮೊದಲು ನೋಡಿದ್ದು ಅವಳೇ. ಆ ಹೊತ್ತಿಗೆ ಟೈಮರ್ ಲೈಟ್ ಹತ್ತೋ ಸಮಯಕ್ಕೆ ಕುರ್ಚಿ ಎಳ್ಕೊಂಡು ತೊಟ್ಟಿ ಮುಂದೆ ಕೂರೋದು ಅವಳ ಅಭ್ಯಾಸ ಆಗಿತ್ತು.

ಇಪ್ಪತ್ತೇಳನೇ ದಿನ ಅಮೋನಿಯಾ ಸೊನ್ನೆ. ಮೂವತ್ತಾರನೇ ದಿನ ನೈಟ್ರೈಟೂ ಸೊನ್ನೆ, ನೈಟ್ರೇಟ್ 20. ಒಪ್ಪಂದದ ಪ್ರಕಾರ ಖಾತ್ರಿ ಆಗಿತ್ತು.

ಆದ್ರೆ ಯಾವ ಮೀನು? ಅಂಗಡಿಯಲ್ಲಿ ಚಂದ ಕಂಡಿದ್ದು ಕೆಂಪು ಪಟ್ಟೆಯ 'ಮಿಸ್ ಕೇರಳ'. ಅದು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಿಗೇ ಸೀಮಿತವಾದ ಮೀನು. ಅಕ್ವೇರಿಯಂ ವ್ಯಾಪಾರಕ್ಕೆ ಅಂತ ಹೊಳೆಯಿಂದಲೇ ವಿಪರೀತ ಹಿಡಿದು, ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಅಮ್ಮನ ಪ್ರಶ್ನೆ ನೆನಪಾಯ್ತು. ಅದನ್ನ ಬಿಟ್ವಿ. ತಗೊಂಡಿದ್ದು ಎಂಟು ಜೀಬ್ರಾ ಡೇನಿಯೋ. ಇದೂ ನಮ್ಮ ದೇಶದ್ದೇ, ಆದ್ರೆ ಅಂಗಡಿಗೆ ಬರೋದು ತಲೆತಲಾಂತರದಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು. ಪ್ರಪಂಚದ ಲ್ಯಾಬ್‌ಗಳಲ್ಲೆಲ್ಲ ಇರೋ ಮೀನು. 2013ರಲ್ಲಿ ಇದರ ಜೀನೋಮ್ ಪ್ರಕಟವಾದಾಗ ಮನುಷ್ಯರ ಜೀನ್‌ಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತಕ್ಕೆ ಇದರಲ್ಲಿ ಜೋಡಿ ಇದೆ ಅಂತ ಗೊತ್ತಾಯ್ತು. ಗುಂಪಲ್ಲೇ ಇರ್ಬೇಕು, ಒಂದೆರಡು ತಂದ್ರೆ ಕಂಗಾಲಾಗ್ತವೆ. ಬೆಂಗಳೂರಿನ ಚಳಿಗೆ ಹೀಟರ್ ಕೇಳೋದಿಲ್ಲ. ಕವರನ್ನ ಇಪ್ಪತ್ತು ನಿಮಿಷ ನೀರಲ್ಲಿ ತೇಲಿಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪ ತೊಟ್ಟಿ ನೀರು ಸೇರಿಸಿ, ಮೂರು ಮೂರಾಗಿ ಎರಡು ವಾರದ ಅಂತರದಲ್ಲಿ ಬಿಟ್ವಿ, ಕೊನೆಗೆ ಎರಡು.

ಈಗ ವಾರಕ್ಕೊಮ್ಮೆ ಹತ್ತು ಲೀಟರ್ ನೀರು ತೆಗೆದು ಹೊಸದು ಹಾಕ್ತೀವಿ. 2024ರ ಬೇಸಿಗೆಯಲ್ಲಿ ಈ ಊರಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಗಿಡಕ್ಕೆ ಹಾಕಿದ್ರೆ ಐದು ಸಾವಿರ ದಂಡ ಅಂತ ಇತ್ತಲ್ಲ, ಅದನ್ನ ನೋಡಿದವರಿಗೆ ನೀರು ಚೆಲ್ಲೋ ಮನಸ್ಸು ಬರೋದಿಲ್ಲ. ತೆಗೆದ ನೀರು ಪೂರ್ತಿ ಬಾಲ್ಕನಿಯ ಕರಿಬೇವು, ದೊಡ್ಡಪತ್ರೆ, ತುಳಸಿಗೆ. ಅಂಗಡಿ ಗೊಬ್ಬರ ನಿಲ್ಲಿಸಿದ್ದೀವಿ. ಹೆಚ್ಚಾಗಿ ಬೆಳೆದ ಗಿಡವನ್ನ ಕತ್ತರಿಸಿ ಒಣಗಿಸಿ ಕುಂಡಕ್ಕೇ ಹಾಕ್ತೀವಿ. ಕೆರೆಗೆ, ರಾಜಕಾಲುವೆಗೆ ಮಾತ್ರ ಏನನ್ನೂ ಬಿಡ್ಬೇಡಿ, ಮೀನನ್ನಂತೂ ಖಂಡಿತ ಬೇಡ. ಎಲ್ಲಿಂದಲೋ ಬಂದ ಗಿಡ, ಮೀನು ನಮ್ಮ ಕೆರೆಗಳನ್ನ ಏನು ಮಾಡುತ್ತೆ ಅನ್ನೋದಕ್ಕೆ ನೀರು ಹಯಸಿಂತ್ ಒಂದೇ ಸಾಕು.

ಇಷ್ಟೆಲ್ಲ ಆದ್ಮೇಲೆ ಅಮ್ಮ ಒಪ್ಪಿದಳಾ ಅಂತ ಕೇಳಿದ್ರೆ, ಇಲ್ಲ. ಒಂದು ಸಂಜೆ ಮಗಳು ಅವಳ ತೊಡೆ ಮೇಲೆ ಕೂತು "ಅಜ್ಜಿ, ಮೀನಿಗೆ ಇಲ್ಲಿ ಇಷ್ಟಾನಾ?" ಅಂತ ಕೇಳಿದ್ಲು. ನಾನು ಲ್ಯಾಪ್‌ಟಾಪಿಂದ ತಲೆ ಎತ್ತಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳ್ಳ ಹಳ್ಳವೇ ಪುಟ್ಟಿ. ಆದ್ರೆ ಕರ್ಕೊಂಡು ಬಂದೋರು ಚೆನ್ನಾಗಿ ನೋಡ್ಕೊಂಡ್ರೆ ಇರುತ್ತೆ" ಅಂದ್ಲು.

ಅದನ್ನ ಮೀನಿನ ಬಗ್ಗೆ ಮಾತ್ರ ಹೇಳಿದ್ದು ಅಂತ ಅಂದ್ಕೊಳ್ಳೋಕೆ ನನಗೆ ಆಗ್ಲಿಲ್ಲ. ಅವತ್ತು ರಾತ್ರಿ ಇವಳೂ ನಾನೂ ತುಂಬಾ ಹೊತ್ತು ಮಾತಾಡಿದ್ವಿ. ಮಳೆಗಾಲ ಶುರುವಾಗೋ ಹೊತ್ತಿಗೆ ಅಮ್ಮ ಊರಿಗೆ ಹೋಗಿ ನಾಟಿ ಮುಗಿಯೋ ತನಕ ಇದ್ದು ಬರೋದು ಅಂತ ಈಗ ತೀರ್ಮಾನ ಆಗಿದೆ. ಚಿಕ್ಕಮ್ಮ ಪಕ್ಕದ ಊರಿಂದ ಬಂದು ಜೊತೆಗಿರ್ತಾಳೆ. ನಾವು ವಾರ ಬಿಟ್ಟು ವಾರ ರಾತ್ರಿ ಬಸ್ಸಿಗೆ ಹೋಗೋದು.

ಟಿಕೆಟ್ ಬುಕ್ ಮಾಡಿದ ದಿನ ಅಮ್ಮ ಕೇಳಿದ ಮೊದಲ ಪ್ರಶ್ನೆ, "ನಾನಿಲ್ದಾಗ ಇವಕ್ಕೆ ಊಟ ಹಾಕೋರು ಯಾರು?"

ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಅಂತ ನಾನೇ ಹೇಳ್ಕೊಟ್ಟಿದ್ದನ್ನ ಈಗ ನನಗೇ ದಿನಾ ಪಾಠ ಮಾಡ್ತಿದ್ದಾಳೆ. ನಿಮ್ಮಲ್ಲಿ ಯಾರಾದ್ರೂ ಗಿಡದ ತೊಟ್ಟಿ ಇಟ್ಟಿದ್ರೆ, ಗಾಜಿನ ಕಂದು ಪಾಚಿಗೆ ಏನು ಮಾಡ್ತೀರಿ ಅಂತ ತಿಳಿಸಿ. ಬಸವನಹುಳುಗಳು ನಮ್ಮಲ್ಲಿ ಅಷ್ಟು ಶ್ರದ್ಧೆಯಿಂದ ಕೆಲಸ ಮಾಡ್ತಿಲ್ಲ!