ಗಾಂಧೀಜಿಗಾಗಿ ಕಾದ ದಿನಗಳು

ಕಾಯುವುದರಲ್ಲಿ ಒಂದು ಸುಖವಿದೆ. ಬೇಸಿಗೆ ರಜೆಗೆ, ಊರ ಜಾತ್ರೆಗೆ, ಅಜ್ಜಿ ತರುವ ಚಕ್ಕುಲಿ ಡಬ್ಬಕ್ಕೆ ಕಾಯುವ ಮಕ್ಕಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಸಿನಿಮಾಕ್ಕೆ ಕಾಯುವುದೂ ಹಾಗೆಯೇ. ಆದರೆ ಹಿರಿಯರೊಬ್ಬರ ಜೀವನಚರಿತ್ರೆ ಸಿನಿಮಾ ಆಗಿ ಬರುತ್ತದೆ ಎಂದಾಗ ಆ ಸುಖದ ಜೊತೆಗೆ ಸಣ್ಣದೊಂದು ಅಳುಕೂ ಇರುತ್ತದೆ. ಅವರನ್ನು ಹೇಗೆ ತೋರಿಸುತ್ತಾರೋ, ಏನನ್ನು ಬಿಡುತ್ತಾರೋ ಎಂಬ ಅಳುಕು.

ಎಂಟನೇ ತರಗತಿಯ ನನ್ನ ಮೊಮ್ಮಗಳು ಈಗ ಹಾಗೆ ಕಾಯುತ್ತಿದ್ದಾಳೆ. ನಮ್ಮ ಬೆಂಗಳೂರಿನವರೇ ಆದ ಇತಿಹಾಸಕಾರ ರಾಮಚಂದ್ರ ಗುಹಾ ಅವರ ಪುಸ್ತಕಗಳನ್ನು ಆಧರಿಸಿ ಹನ್ಸಲ್ ಮೆಹ್ತಾ ಅವರು ಗಾಂಧೀಜಿಯ ಮೇಲೆ ಧಾರಾವಾಹಿಯೊಂದನ್ನು ನಿರ್ದೇಶಿಸಿದ್ದಾರೆ. ಗಾಂಧಿಯಾಗಿ ಪ್ರತೀಕ್ ಗಾಂಧಿ, ಕಸ್ತೂರ್ಬಾ ಆಗಿ ಅವರ ಪತ್ನಿ ಭಾಮಿನಿ ಓಝಾ. 2025ರ ಸೆಪ್ಟೆಂಬರಿನಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಮೊಮ್ಮಗಳ ಕಾತರಕ್ಕೆ ಕಾರಣ ಮಾತ್ರ ಬೇರೆ. ಹ್ಯಾರಿ ಪಾಟರ್ ಚಿತ್ರಗಳಲ್ಲಿ ಡ್ರೇಕೋ ಮಾಲ್ಫಾಯ್ ಆಗಿದ್ದ ಟಾಮ್ ಫೆಲ್ಟನ್ ಇದರಲ್ಲಿಯೂ ಇದ್ದಾರಂತೆ! "ತಾತ, ನಿಮ್ಮ ಕಾಲದಲ್ಲೂ ಗಾಂಧಿ ಸಿನಿಮಾಕ್ಕೆ ಹೀಗೆ ಕಾಯ್ತಿದ್ರಾ?" ಎಂದು ಕೇಳಿದಳು. ಕಾಯುತ್ತಿದ್ದೆವು ಪುಟ್ಟಿ, ಎರಡು ವರ್ಷ ಕಾದೆವು. ಆ ಸಿನಿಮಾ ಮಾಡಿದವರು ಇಪ್ಪತ್ತು ವರ್ಷ ಕಾದಿದ್ದರು.

ಆ ಕಥೆಯೇ ಒಂದು ಸಿನಿಮಾದಂತಿದೆ. ಲಂಡನ್ನಿನ ಭಾರತೀಯ ಹೈಕಮಿಷನ್ ಕಚೇರಿಯಲ್ಲಿ ಮೋತಿಲಾಲ್ ಕೊಠಾರಿ ಎಂಬ ಗಾಂಧಿಭಕ್ತರು ಕೆಲಸಕ್ಕಿದ್ದರು. 1962ರಲ್ಲಿ ಅವರು ಇಂಗ್ಲಿಷ್ ನಟ ರಿಚರ್ಡ್ ಅಟೆನ್‌ಬರೋ ಅವರನ್ನು ಸಂಪರ್ಕಿಸಿ, ಗಾಂಧೀಜಿಯ ಬಗ್ಗೆ ಚಿತ್ರ ಮಾಡಿ ಎಂದು ಬೆನ್ನು ಹತ್ತಿದರು. ಲೂಯಿ ಫಿಷರ್ ಬರೆದ ಗಾಂಧಿ ಜೀವನಚರಿತ್ರೆಯನ್ನು ಓದಿದ ಅಟೆನ್‌ಬರೋ ಮರುಳಾಗಿಹೋದರು. ಮರುವರ್ಷ ದೆಹಲಿಗೆ ಬಂದು ನೆಹರೂ ಅವರನ್ನು ಕಂಡರು. ಗಾಂಧೀಜಿಯನ್ನು ದೇವರನ್ನಾಗಿ ಮಾತ್ರ ಮಾಡಬೇಡಿ ಎಂಬುದು ನೆಹರೂ ಕೊಟ್ಟ ಬುದ್ಧಿಮಾತು. 1964ರ ಮೇ ತಿಂಗಳಲ್ಲಿ ನೆಹರೂ ತೀರಿಕೊಂಡರು. 1970ರಲ್ಲಿ ಕೊಠಾರಿಯವರೂ ಹೋದರು. ಹಣ ಹೊಂದುವುದು, ಕೈತಪ್ಪುವುದು, ಮತ್ತೆ ಹುಡುಕುವುದು ಹೀಗೆಯೇ ನಡೆದು, ಕೊನೆಗೆ 1980ರ ನವೆಂಬರಿನಲ್ಲಿ ಚಿತ್ರೀಕರಣ ಶುರುವಾಯಿತು. ಚಿತ್ರವನ್ನು ಅಟೆನ್‌ಬರೋ ಅರ್ಪಿಸಿದ್ದು ಕೊಠಾರಿ, ನೆಹರೂ, ಮೌಂಟ್‌ಬ್ಯಾಟನ್ ಈ ಮೂವರಿಗೆ. ಮೂವರಲ್ಲಿ ಒಬ್ಬರೂ ಅದನ್ನು ನೋಡಲು ಉಳಿದಿರಲಿಲ್ಲ.

ನಾನಾಗ ಬ್ಯಾಂಕಿನಲ್ಲಿ ಗುಮಾಸ್ತ. ಈಗಿನಂತೆ ಟೀಸರು, ಟ್ರೇಲರು ಬೆರಳ ತುದಿಯಲ್ಲಿ ಇರಲಿಲ್ಲ. ದಿನಪತ್ರಿಕೆಯ ಮೂಲೆಯಲ್ಲಿ ಬರುವ ನಾಲ್ಕು ಸಾಲೇ ನಮಗೆ ಟ್ರೇಲರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಅದನ್ನೇ ಹಿಡಿದುಕೊಂಡು ವಾದ. ಗಾಂಧೀಜಿ ಪಾತ್ರಕ್ಕೆ ಇಂಗ್ಲೆಂಡಿನ ನಟ ಯಾಕೆ, ನಮ್ಮಲ್ಲಿ ಯಾರೂ ಸಿಗಲಿಲ್ಲವೇ ಎಂದು ಒಬ್ಬರು. ಬೆನ್ ಕಿಂಗ್‌ಸ್ಲೀ ಅವರ ಹುಟ್ಟುಹೆಸರು ಕೃಷ್ಣ ಭಾನ್‌ಜಿ, ತಂದೆಯ ಕಡೆಯಿಂದ ಗುಜರಾತಿನ ಮೂಲ ಎಂದು ತಿಳಿದಾಗ ಅವರು ಸ್ವಲ್ಪ ತಣ್ಣಗಾದರು. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಹಣವನ್ನು ಪರದೇಶದವರ ಚಿತ್ರಕ್ಕೆ ಯಾಕೆ ಕೊಡಬೇಕು ಎಂದು ನಮ್ಮ ದೇಶದ ಕೆಲವು ಚಿತ್ರನಿರ್ಮಾಪಕರೇ ಆಕ್ಷೇಪ ಎತ್ತಿದ್ದರು. ಆ ಜಗಳವೂ ನಮ್ಮ ಡಬ್ಬಿಗಳ ನಡುವೆ ನಡೆಯಿತು. ಮಹಾತ್ಮರ ಪಾತ್ರವನ್ನು ಮನುಷ್ಯ ಮಾಡುವುದೇ ಸಲ್ಲದು, ಒಂದು ಬೆಳಕಾಗಿ ತೋರಿಸಿ ಎಂದು ಸಲಹೆ ಕೊಟ್ಟವರೂ ಇದ್ದರು ಎನ್ನುತ್ತಾರೆ.

1981ರ ಜನವರಿ 31ರಂದು ದೆಹಲಿಯ ರಾಜಪಥದಲ್ಲಿ ಅಂತ್ಯಯಾತ್ರೆಯ ದೃಶ್ಯದ ಚಿತ್ರೀಕರಣ ನಡೆಯಿತು. ಅದು ನಿಜವಾದ ಅಂತ್ಯಯಾತ್ರೆ ನಡೆದು ಸರಿಯಾಗಿ ಮೂವತ್ತಮೂರು ವರ್ಷಗಳಾದ ದಿನ. ಮೂರು ಲಕ್ಷ ಜನ ಸೇರಿದ್ದರು. ಹೆಚ್ಚಿನವರು ಕೂಲಿಗಾಗಿ ಬಂದವರಲ್ಲ, ತಾವಾಗಿ ಬಂದವರು. ಹನ್ನೊಂದು ಕ್ಯಾಮೆರಾ ತಂಡಗಳು ಹಿಡಿದ ಅಷ್ಟೂ ದೃಶ್ಯದಲ್ಲಿ ಪರದೆಯ ಮೇಲೆ ಉಳಿದದ್ದು ಎರಡು ನಿಮಿಷದಷ್ಟು. ಗ್ರಾಫಿಕ್ಸ್‌ನಲ್ಲಿ ಜನಸಾಗರ ಸೃಷ್ಟಿಸುವ ಈ ಕಾಲದ ಮಕ್ಕಳೇ, ಆ ಎರಡು ನಿಮಿಷದಲ್ಲಿ ಕಾಣುವ ಪ್ರತಿಯೊಂದು ತಲೆಯೂ ನಿಜವಾದ ಮನುಷ್ಯನದು ಎಂಬುದನ್ನು ನೆನಪಿಡಿ.

ನಾನು ಇಷ್ಟೊಂದು ಕಾದದ್ದಕ್ಕೆ ಇನ್ನೊಂದು ಕಾರಣವಿತ್ತು. ನಮ್ಮ ತಂದೆ ಗಾಂಧೀಜಿಯನ್ನು ಕಣ್ಣಾರೆ ಕಂಡವರು. ತಂದೆಯವರನ್ನು ನಾವು 'ಅಣ್ಣ' ಎನ್ನುತ್ತಿದ್ದೆವು. 1927ರಲ್ಲಿ ಗಾಂಧೀಜಿ ಕಾಯಿಲೆ ಬಿದ್ದು, ವಿಶ್ರಾಂತಿಗೆಂದು ನಂದಿಬೆಟ್ಟಕ್ಕೆ ಬಂದಿದ್ದರು. ಅಲ್ಲಿಂದ ಬೆಂಗಳೂರಿಗೆ ಇಳಿದು ಕುಮಾರ ಪಾರ್ಕಿನಲ್ಲಿ ಉಳಿದರು. ಸಂಜೆಯ ಪ್ರಾರ್ಥನೆಗೆ ಊರಿನ ಜನ ಹೋಗುತ್ತಿದ್ದರು. ಆಗ ಹದಿಮೂರು ವರ್ಷದವರಾಗಿದ್ದ ಅಣ್ಣ ಮಲ್ಲೇಶ್ವರದಿಂದ ಸಹಪಾಠಿಗಳ ಜೊತೆ ನಡೆದುಕೊಂಡು ಹೋದರಂತೆ. ಅಂದು ಸೋಮವಾರ, ಗಾಂಧೀಜಿಯ ಮೌನದ ದಿನ. ಭಾಷಣ ಕೇಳಬೇಕು ಎಂದು ಹೋದ ಹುಡುಗರಿಗೆ ನಿರಾಸೆ. ಆದರೆ ಅಣ್ಣ ಜೀವಮಾನವೆಲ್ಲ ಹೇಳುತ್ತಿದ್ದದ್ದು ಆ ಮೌನವನ್ನೇ. "ಒಂದು ಮಾತಾಡಲಿಲ್ಲ ಕಣೋ. ಶಾಲು ಹೊದ್ದುಕೊಂಡು ಕಣ್ಣು ಮುಚ್ಚಿ ಕೂತಿದ್ರು. ಅಷ್ಟು ಜನ ಸದ್ದಿಲ್ಲದೆ ಕೂತಿದ್ವಿ. ನನ್ನ ಪಕ್ಕದಲ್ಲಿದ್ದವನು ಕೆಮ್ಮು ಬಂದರೂ ತಡೆದುಕೊಂಡ."

1982ರ ನವೆಂಬರ್ 30ರಂದು ದೆಹಲಿಯಲ್ಲಿ 'ಗಾಂಧಿ' ಮೊದಲ ಪ್ರದರ್ಶನ ಕಂಡಿತು. ನಮ್ಮೂರಿನ ಚಿತ್ರಮಂದಿರಕ್ಕೆ ಬಂದಾಗ ನಾನು ಮನೆಯವರಿಗೆಲ್ಲ ಟಿಕೆಟ್ ತರುವುದಾಗಿ ಹೇಳಿದೆ. ಅಣ್ಣ ಮಾತ್ರ "ನನಗೆ ಬೇಡ" ಎಂದುಬಿಟ್ಟರು. ಮೂರು ಗಂಟೆಗೂ ಮೀರಿದ ಚಿತ್ರ, ಕೂರುವುದು ಕಷ್ಟವೇನೋ ಎಂದುಕೊಂಡೆ. ವಿಷಯ ಅದಲ್ಲ. "ನಾನು ನೋಡಿದ ಒಂದು ಮುಖ ಇದೆಯಲ್ಲ, ಅದನ್ನ ಐವತ್ತೈದು ವರ್ಷ ಇಟ್ಟುಕೊಂಡಿದ್ದೀನಿ. ಅದರ ಮೇಲೆ ಇನ್ನೊಬ್ಬರ ಮುಖ ಬಂದು ಕೂತರೆ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ನಮ್ಮ ತಾಯಿ. ಹೂಬತ್ತಿ ಹೊಸೆಯುತ್ತ ಕೂತಿದ್ದವರು ತಲೆ ಎತ್ತದೆಯೇ, "ನೀವೇನೋ ನೋಡಿದ್ದೀರಿ. ಈ ಮೊಮ್ಮಕ್ಕಳು ಎಲ್ಲಿ ನೋಡಬೇಕು? ಅವಕ್ಕೆ ಇದೇ ಕುಮಾರ ಪಾರ್ಕು. ಪಕ್ಕದಲ್ಲಿ ನೀವು ಕೂತಿದ್ದರೆ ಅಲ್ಲವೇ ಯಾವುದು ಸರಿ, ಯಾವುದು ಅಲ್ಲ ಅಂತ ಹೇಳೋದು?" ಎಂದರು.

ಅಣ್ಣ ಹೊರಟರು. ಇಸ್ತ್ರಿ ಮಾಡಿದ ಖಾದಿ ಜುಬ್ಬ ಹಾಕಿಕೊಂಡೇ ಹೊರಟರು.

ಚಿತ್ರದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ನೀವೇ ನೋಡಿ. ಕಿಂಗ್‌ಸ್ಲೀ ಚರಕ ತಿರುಗಿಸಲು ಕಲಿತೇ ಅಭಿನಯಿಸಿದ್ದರು. ಕಸ್ತೂರ್ಬಾ ಆಗಿ ರೋಹಿಣಿ ಹಟ್ಟಂಗಡಿ ನಮ್ಮ ಮನೆಯ ಅಜ್ಜಿಯಂತೆಯೇ ಇದ್ದರು. ರವಿಶಂಕರ್ ಅವರ ಸಂಗೀತವಿತ್ತು. ಮರುವರ್ಷ ಏಪ್ರಿಲಿನಲ್ಲಿ ಚಿತ್ರಕ್ಕೆ ಎಂಟು ಆಸ್ಕರ್ ಬಂದವು. ವಸ್ತ್ರವಿನ್ಯಾಸದ ಪ್ರಶಸ್ತಿಯನ್ನು ಜಾನ್ ಮೊಲ್ಲೋ ಅವರೊಂದಿಗೆ ಹಂಚಿಕೊಂಡ ಕೊಲ್ಹಾಪುರದ ಭಾನು ಅಥೈಯಾ, ಆಸ್ಕರ್ ಗೆದ್ದ ಮೊದಲ ಭಾರತೀಯರಾದರು. ತುಂಡುಪಂಚೆ ಉಟ್ಟ ಮನುಷ್ಯನ ಕಥೆಗೆ ವಸ್ತ್ರವಿನ್ಯಾಸದ ಬಹುಮಾನ ಬಂದದ್ದು ನಮ್ಮ ಬ್ಯಾಂಕಿನಲ್ಲಿ ಒಂದು ವಾರದ ನಗೆಮಾತು. ಯೋಚಿಸಿದರೆ ಸರಿಯೇ. ಕೋಟು, ಟೈ ಕಟ್ಟಿದ ಬ್ಯಾರಿಸ್ಟರ್ ಹಂತಹಂತವಾಗಿ ತುಂಡುಪಂಚೆಗೆ ಬಂದದ್ದೇ ಆ ಜೀವನದ ಕಥೆ ಅಲ್ಲವೇ?

ಸಿನಿಮಾ ಮುಗಿದು ಮನೆಗೆ ಬಂದು, ಮಜ್ಜಿಗೆ ಕುಡಿದ ಮೇಲೆ ಅಣ್ಣ ಬಾಯಿ ಬಿಟ್ಟರು. "ಹುಡುಗ ಚೆನ್ನಾಗಿ ಮಾಡಿದ್ದಾನೆ. ನಡಿಗೆ ಸರಿಯಿದೆ. ಮಾತು ಮಾತ್ರ ಜಾಸ್ತಿ." ನಾವೆಲ್ಲ ನಕ್ಕೆವು. ಆದರೆ ಒಂದೆರಡು ವರ್ಷದ ಮೇಲೆ, ಕುಮಾರ ಪಾರ್ಕಿನ ಮಾತು ಬಂದಾಗ, ಅವರು ಸುಮ್ಮನಾಗಿ ಆಮೇಲೆ ಹೇಳಿದರು: "ಈಗ ಕಣ್ಣು ಮುಚ್ಚಿದರೆ ಇಬ್ಬರೂ ಬರ್ತಾರೆ ಕಣೋ. ಬೇರೆ ಮಾಡೋದು ಕಷ್ಟ." ಅವರು ಹೆದರಿದ್ದು ಸುಳ್ಳಾಗಲಿಲ್ಲ. ಅದೇ ವಾರ ಅವರು ಹಳೆಯ ಡೈರಿಯೊಂದನ್ನು ತೆಗೆದುಕೊಂಡು, ಆ ಸೋಮವಾರದ ಸಂಜೆ ತಾವು ಕಂಡದ್ದನ್ನು ಎರಡು ಪುಟ ಬರೆದಿಟ್ಟರು. ಯಾರು ಜೊತೆಗಿದ್ದರು, ಎಲ್ಲಿ ಕೂತರು, ಶಾಲಿನ ಬಣ್ಣ ಎಂಥದು, ಕೆಮ್ಮು ತಡೆದುಕೊಂಡವನ ಹೆಸರೇನು, ಎಲ್ಲ. ಅವರು ಹೋಗಿ ಬಹಳ ವರ್ಷಗಳಾದವು. ಆ ಎರಡು ಪುಟ ನಮ್ಮ ಮನೆಯಲ್ಲಿದೆ. ಮೊಮ್ಮಗಳು ಅದನ್ನು ಓದಿದ್ದಾಳೆ.

ಯಾವ ಚಿತ್ರವೂ ಒಂದು ಜೀವನವನ್ನು ಪೂರ್ತಿ ಹಿಡಿಯಲಾರದು. ಅಟೆನ್‌ಬರೋ ಅವರ ಚಿತ್ರ ಮೊದಲಲ್ಲೇ ಅದನ್ನು ಒಪ್ಪಿಕೊಳ್ಳುತ್ತದೆ. ಅದರಲ್ಲಿ ಅಂಬೇಡ್ಕರ್ ಇಲ್ಲ, ಸುಭಾಷರು ಇಲ್ಲ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಮ್ಮ ಬೆಳಗಾವಿಯಲ್ಲಿ 1924ರಲ್ಲಿ ನಡೆಯಿತು, ಅಲ್ಲಿ ಪುಟ್ಟ ಹುಡುಗಿ ಗಂಗೂಬಾಯಿ ಹಾನಗಲ್ ಹಾಡಿದ್ದರು. ಅದೂ ಇಲ್ಲ. ಹಾಗೆಂದು ಸಿಟ್ಟಾಗಬೇಕಿಲ್ಲ. ಒಂದು ಕಿಟಕಿಯಲ್ಲಿ ಕಾಣದ್ದು ಇನ್ನೊಂದರಲ್ಲಿ ಕಂಡೀತು. ಅಂಬೇಡ್ಕರ್ ಅವರನ್ನು ಕಾಣಬೇಕೆಂದರೆ ಮಮ್ಮೂಟ್ಟಿ ಅಭಿನಯದ, ಜಬ್ಬಾರ್ ಪಟೇಲರ ಚಿತ್ರವಿದೆ. ದಕ್ಷಿಣ ಆಫ್ರಿಕಾದ ದಿನಗಳಿಗೆ ಶ್ಯಾಮ್ ಬೆನಗಲ್ ಅವರ ಚಿತ್ರವಿದೆ. ಇನ್ನು ನಮ್ಮಂಥ ಗುಮಾಸ್ತರಿಗೆ ಗಿರೀಶ್ ಕಾಸರವಳ್ಳಿಯವರ 'ಕೂರ್ಮಾವತಾರ' ಇದೆ. ನಿವೃತ್ತಿಯ ಅಂಚಿನಲ್ಲಿರುವ ಸರ್ಕಾರಿ ಗುಮಾಸ್ತರೊಬ್ಬರು ಮುಖದ ಹೋಲಿಕೆಯಿಂದಾಗಿ ಟೀವಿ ಧಾರಾವಾಹಿಯಲ್ಲಿ ಗಾಂಧೀಜಿ ಪಾತ್ರ ಮಾಡಬೇಕಾಗಿ ಬರುವ ಕಥೆ. ಪಾತ್ರ ಹಾಕುವುದು ಸುಲಭ, ಹೊರುವುದು ಕಷ್ಟ ಎಂಬುದನ್ನು ಅದರಷ್ಟು ಚೆನ್ನಾಗಿ ಬೇರೆ ಯಾವುದೂ ನನಗೆ ಹೇಳಿಲ್ಲ.

ಗಾಂಧೀಜಿಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೆ. 1931ರಲ್ಲಿ ಲಂಡನ್ನಿನಲ್ಲಿ ಚಾರ್ಲಿ ಚಾಪ್ಲಿನ್ ಭೇಟಿಗೆ ಬಯಸಿದಾಗ, ಆತ ಯಾರು ಎಂದು ಕೇಳಿದವರು ಅವರು. ಆದರೆ ಬಾಲಕನಾಗಿದ್ದಾಗ ಹರಿಶ್ಚಂದ್ರ ನಾಟಕ ನೋಡಿ, ಅದನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಆಡಿಕೊಂಡೆನೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಯಾರೋ ಬಣ್ಣ ಹಚ್ಚಿಕೊಂಡು ಆಡಿದ ನಾಟಕ ಒಬ್ಬ ಹುಡುಗನೊಳಗೆ ಹೋಗಿ ಎಲ್ಲಿಗೆ ಮುಟ್ಟಿತು ನೋಡಿ! ಆದ್ದರಿಂದ ಮಕ್ಕಳೇ, ದೊಡ್ಡವರ ಜೀವನದ ಚಿತ್ರ ಬರುತ್ತದೆಂದರೆ ಧಾರಾಳವಾಗಿ ಕಾಯಿರಿ. ಕಾಯುವ ದಿನಗಳಲ್ಲಿ ಅವರ ಬಗ್ಗೆ ಒಂದು ಪುಸ್ತಕ ಓದಿ. ಯಾವ ಘಟನೆ ಚಿತ್ರದಲ್ಲಿ ಇರಬೇಕು ಎಂದು ನಿಮ್ಮದೇ ಪಟ್ಟಿ ಮಾಡಿ. ನೋಡಿದ ಮೇಲೆ ಎಷ್ಟು ಬಂತು, ಎಷ್ಟು ಬಿಟ್ಟುಹೋಯಿತು ಎಂದು ತಾಳೆ ಹಾಕಿ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ನಮ್ಮಲ್ಲಿ ಗಾಂಧೀಜಿಯನ್ನು ಕಂಡವರು ಇನ್ನು ಬಹಳ ಮಂದಿ ಉಳಿದಿಲ್ಲ. ಆದರೆ ಶಾಸ್ತ್ರೀಜಿ ಸೋಮವಾರ ರಾತ್ರಿ ಊಟ ಬಿಡಿ ಎಂದಾಗ ಬಿಟ್ಟವರು, 1971ರ ಯುದ್ಧದ ಸುದ್ದಿಯನ್ನು ರೇಡಿಯೋಗೆ ಕಿವಿಯಿಟ್ಟು ಕೇಳಿದವರು ಇದ್ದೇವೆ. ಅವುಗಳ ಮೇಲೂ ಸಿನಿಮಾಗಳು ಬಂದಿವೆ, ಇನ್ನೂ ಬರುತ್ತವೆ. ಅವು ಬಂದು ನಮ್ಮ ನೆನಪಿನ ಮೇಲೆ ಕೂರುವ ಮೊದಲು ಎರಡು ಪುಟ ಬರೆದಿಡೋಣ. ಕೈ ನಡುಗಿದರೆ ಮೊಮ್ಮಕ್ಕಳಿಗೆ ಹೇಳಿ ಬರೆಸೋಣ.