ರವಾ ಗೋಧಿ ಅಲ್ಲವೇ? ತಾರ್ಕರ್ಲಿಯಲ್ಲಿ ಮೂರು ದಿನದ ಊಟ

ಪುಣೆಯ ಕನ್ನಡಿಗರಿಗೆ ಮೂರು ದಿನ ರಜೆ ಒಟ್ಟಿಗೆ ಸಿಕ್ಕರೆ ಕಾರು ಹೊರಡುವುದು ಒಂದೋ ಊರಿಗೆ, ಇಲ್ಲವೇ ಕೊಂಕಣಕ್ಕೆ. ಈ ಸಲ ನಾವು ಮೂರು ಕುಟುಂಬದವರು ಕೊಂಕಣ ಆರಿಸಿಕೊಂಡೆವು. ಕೊಲ್ಹಾಪುರ ದಾಟಿ, ಫೋಂಡಾ ಘಾಟಿ ಇಳಿದು, ಕಣಕವಲಿ ಮೂಲಕ ಮಾಲವಣ. ಅಲ್ಲಿಂದ ಸ್ವಲ್ಪ ದೂರದಲ್ಲೇ ತಾರ್ಕರ್ಲಿ. ಉದ್ದಕ್ಕೂ ಬಿಳಿ ಮರಳು, ಗಾಳಿಮರಗಳು, ಆಚೆ ದೇವಬಾಗ್‌ನಲ್ಲಿ ಕರ್ಲಿ ನದಿ ಸಮುದ್ರ ಸೇರುವ ಸಂಗಮ. ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಊಟದ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ನನಗೆ ಸೀಲಿಯಾಕ್ ಕಾಯಿಲೆ ಇದೆ.

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ದೇಹದ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನೇ ಹಾಳು ಮಾಡುತ್ತದೆ. ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ‘ಗ್ಲುಟೆನ್ ಫ್ರೀ’ ಎಂದು ಹಾಕಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಬಾರದು. ಚಪಾತಿ ಲಟ್ಟಿಸಿದ ಮಣೆಯ ಹಿಟ್ಟು ಅಂಟಿದರೂ ಸಾಕು, ಲೆಕ್ಕ ತಪ್ಪುತ್ತದೆ. ‘ಒಂದು ಸಲ ತಿಂದ್ರ ಏನಾಗ್ತದ?’ ಎಂದು ಪ್ರೀತಿಯಿಂದ ಕೇಳುವವರಿಗೆ ನನ್ನ ಉತ್ತರ ಇದೇ.

ಎರಡು ವರ್ಷ ನಾನು ಗೆಳೆಯರ ಪ್ರವಾಸಗಳಿಗೆ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಹೊಟ್ಟೆಯ ಭಯಕ್ಕಿಂತ ಮುಜುಗರದ ಭಯ ದೊಡ್ಡದು. ಎಂಟು ಜನ ಹಸಿದು ಕೂತಿರುವಾಗ ನಾನೊಬ್ಬಳು ವೇಟರ್‌ಗೆ ಹತ್ತು ಪ್ರಶ್ನೆ ಕೇಳುವುದು, ಆಮೇಲೆ ಎಲ್ಲರೂ ಎದ್ದು ಬೇರೆ ಹೋಟೆಲು ಹುಡುಕುವುದು ಯಾರಿಗೆ ಬೇಕು? ಈ ಸಲ ಒಪ್ಪಿಕೊಳ್ಳಲು ಕಾರಣ, ಕೊಂಕಣದ ಅಡುಗೆ ಅಕ್ಕಿಯ ಅಡುಗೆ ಎಂಬ ಧೈರ್ಯ.

ಆ ಧೈರ್ಯ ಬಹುಪಾಲು ನಿಜವಾಯಿತು. ನಾವು ಇಳಿದುಕೊಂಡ ಹೋಮ್‌ಸ್ಟೇಯ ಕಾಕು ಬೆಳಿಗ್ಗೆ ಘಾವಣೆ ಹುಯ್ದರು. ಅಕ್ಕಿ ಹಿಟ್ಟಿನ ನೀರುಹಿಟ್ಟು, ಜಾಳುಜಾಳು ದೋಸೆ. ಮಂಗಳೂರಿನ ಗೆಳತಿ ‘ಇದು ನಮ್ಮ ನೀರುದೋಸೆಯೇ’ ಎಂದು ನಾಲ್ಕು ತಿಂದಳು. ಮರುದಿನ ಅಕ್ಕಿ, ಉದ್ದು ಹುಳಿ ಬರಿಸಿದ ಆಂಬೋಳಿ. ಸಂಜೆಗೆ ಶಿರವಾಳೆ, ಅಂದರೆ ಒತ್ತು ಶಾವಿಗೆ, ಬೆಲ್ಲ ಹಾಕಿದ ತೆಂಗಿನ ಹಾಲಿನ ಜೊತೆ. ಮಧ್ಯಾಹ್ನ ಅಕ್ಕಿ ಭಾಕರಿ, ಮೀನಿನ ಸಾರು, ಸೋಲ್‌ಕಢಿ. ಧಾರವಾಡದ ಖಾನಾವಳಿಯ ಜೋಳದ ರೊಟ್ಟಿ ತಿಂದು ಬೆಳೆದವಳಿಗೆ ‘ಖಾನಾವಳ್’ ಎಂಬ ಬೋರ್ಡು ಕಂಡಾಗಲೇ ಅರ್ಧ ಹೊಟ್ಟೆ ತುಂಬಿತ್ತು.

ಕಷ್ಟ ಬರುವುದು ಮೂರು ಕಡೆ. ಮೊದಲನೆಯದು ಕೋಂಬಡಿ ವಡೆ. ಅಕ್ಕಿ, ಉದ್ದಿನ ಜೊತೆಗೆ ಬಹಳ ಮನೆಗಳಲ್ಲಿ ಗೋಧಿಯನ್ನೂ ಸೇರಿಸುತ್ತಾರೆ, ಅದೇ ಎಣ್ಣೆಯಲ್ಲಿ ಉಳಿದದ್ದನ್ನೂ ಕರಿಯುತ್ತಾರೆ. ಎರಡನೆಯದು ಇಂಗು. ಅಂಗಡಿಯ ಡಬ್ಬಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಆದ್ದರಿಂದ ದಾಲ್ ಕೂಡ ಅನುಮಾನದ್ದೇ. ಮೂರನೆಯದು ಮೀನು ಫ್ರೈ.

ಎರಡನೇ ದಿನ ದಂಡೆಯ ಒಂದು ಹೋಟೆಲಿನಲ್ಲಿ ‘ಸುರಮಯಿ ಫ್ರೈಗೆ ಗೋಧಿ ಹಾಕ್ತೀರಾ?’ ಎಂದು ಕೇಳಿದೆ. ಹುಡುಗ ‘ಅಜಿಬಾತ್ ನಾಹೀ’ ಎಂದ. ತಟ್ಟೆ ಬಂದಾಗ ಮೀನಿನ ಮೈಮೇಲೆಲ್ಲ ರವಾ. ಅವನು ಸುಳ್ಳು ಹೇಳಿರಲಿಲ್ಲ. ಅವನ ಲೆಕ್ಕದಲ್ಲಿ ಗೋಧಿ ಎಂದರೆ ಚಪಾತಿ. ರವಾ ಬೇರೆಯೇ ಒಂದು ವಸ್ತು. ನಮ್ಮ ಅತ್ತೆಯೂ ಹೀಗೆಯೇ, ‘ಉಪ್ಪಿಟ್ಟು ತಿನ್ನವಾ, ಅದು ಗೋಧಿ ಅಲ್ಲಲಾ’ ಅನ್ನುತ್ತಾರೆ. ಹಾಗಾಗಿ ಗ್ಲುಟೆನ್ ಎಂಬ ಪದವಾಗಲಿ, ಗೋಧಿ ಎಂಬ ಒಂದೇ ಪದವಾಗಲಿ ಸಾಲದು. ‘ಮಲಾ ಗಹೂ, ರವಾ, ಮೈದಾ ಚಾಲತ ನಾಹೀ’ ಎಂದು ಮೂರನ್ನೂ ಹೆಸರು ಹಿಡಿದು ಹೇಳಬೇಕು.

ಆ ತಟ್ಟೆಯನ್ನು ಬೆಳಗಾವಿಯ ಗೆಳೆಯ ತನ್ನ ಕಡೆ ಎಳೆದುಕೊಂಡ. ಆಮೇಲೆ ಎದ್ದು ಅಡುಗೆಮನೆಗೇ ಹೋಗಿ, ತೊಳೆದ ತವಾದ ಮೇಲೆ ಬರೀ ಅಕ್ಕಿ ಹಿಟ್ಟು ಹಚ್ಚಿ, ಹೊಸ ಎಣ್ಣೆಯಲ್ಲಿ ಕಾಯಿಸಿ ಕೊಡುವಂತೆ ಮರಾಠಿಯಲ್ಲಿ ಮಾತಾಡಿ ಬಂದ. ಅರ್ಧ ಗಂಟೆ ತಡವಾಯಿತು. ಅಷ್ಟು ಹೊತ್ತು ಯಾರೂ ಊಟ ಶುರು ಮಾಡಲಿಲ್ಲ, ಯಾರೂ ಗಡಿಯಾರವನ್ನೂ ನೋಡಲಿಲ್ಲ. ನನಗೆ ಗಂಟಲು ಕಟ್ಟಿ ಬಂತು. ಮಸಾಲೆ ಖಾರ ಎಂದೆ.

ಮೂರನೇ ದಿನ ದೋಣಿಯಲ್ಲಿ ಸಿಂಧುದುರ್ಗಕ್ಕೆ ಹೋದೆವು, ಶಿವಾಜಿ 1664ರಲ್ಲಿ ಕಟ್ಟಲು ಶುರು ಮಾಡಿಸಿದ ಕೋಟೆ. ಜೆಟ್ಟಿಯ ಹತ್ತಿರ ಎಲ್ಲರೂ ವಡಾಪಾವ್ ತಿಂದರು. ನಾನು ಶೇಂಗಾ ಚಿಕ್ಕಿ, ಎಳನೀರು.

ಹೋಗುವವರಿಗೆ ಎರಡು ಮಾತು. ಹೋಟೆಲಿಗಿಂತ ಮನೆಯೂಟ ಕೊಡುವ ಹೋಮ್‌ಸ್ಟೇ ಹಿಡಿಯಿರಿ, ಒಂದು ದಿನ ಮೊದಲೇ ಫೋನಿನಲ್ಲಿ ಹೇಳಿ. ಅವಲಕ್ಕಿ, ರಾಜಗಿರಿ ಲಾಡು ಚೀಲದಲ್ಲಿರಲಿ. ನಿಮ್ಮ ಗುಂಪಿನಲ್ಲಿ ನನ್ನಂಥವರು ಒಬ್ಬರಿದ್ದರೆ ಅವರ ಪರವಾಗಿ ಒಂದು ಸಲ ನೀವೇ ಕೇಳಿ ನೋಡಿ.

ಡಿಸೆಂಬರಿನಲ್ಲಿ ಗೋಕರ್ಣದ ಮಾತು ನಡೆದಿದೆ, ನಾನು ಬರುತ್ತೇನೆ ಎಂದಿದ್ದೇನೆ. ಅಲ್ಲಿ ಕನ್ನಡದಲ್ಲೇ ಕೇಳಬಹುದು. ಆದರೆ ಬಂಗಡೆಗೆ ರವಾ ಹಚ್ಚುವುದು ಅಲ್ಲಿಯೂ ಇದೆ.