ಮೂರು ಮೂಟೆ, ಒಬ್ಬ ಸರ್ವರ್

‘ಸರ್ವರ್ ಇಲ್ಲ’ ಎಂಬ ಮಾತು ಕೇಳದ ಕನ್ನಡಿಗ ಈಗ ಸಿಗುವುದು ಕಷ್ಟ. ಕಟ್ಟೆಮಳಲವಾಡಿಯ ನಮ್ಮ ಚಿಕ್ಕಪ್ಪನಂತೂ ಒಂದು ಕಾಗದಕ್ಕಾಗಿ ಕಚೇರಿಯೊಂದಕ್ಕೆ ಮೂರು ಸಲ ಅಲೆದು, ಮೂರು ಸಲವೂ ಇದನ್ನೇ ಕೇಳಿಕೊಂಡು ಬಂದಿದ್ದರು. “ಯಾವ ಹೋಟ್ಲು ಸರ್ವರ್ರೋ ಅವ್ನು? ಯಾವಾಗ ಹೋದ್ರೂ ಇರಲ್ವಲ್ಲ!” ಎಂದು ನನ್ನನ್ನೇ ಕೇಳಿದರು. ಬೆಂಗಳೂರಿನಲ್ಲಿ ಕಂಪ್ಯೂಟರುಗಳ ನಾಡಿ ಹಿಡಿಯುವ ಕೆಲಸದವನಾದ್ದರಿಂದ ಸರ್ವರನ ಪಾಪವೆಲ್ಲ ನನ್ನ ತಲೆಗೇ.

ಹೊಗೆಸೊಪ್ಪು ಹದ ಮಾಡುವ ಕಾಲ. ರಾತ್ರಿ ಬ್ಯಾರನ್ನಿನ ಮುಂದೆ ಕಾವಲು ಕೂತಿದ್ದೆವು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗನೂ ಜೊತೆಗಿದ್ದ. ಕಂಪ್ಯೂಟರ್ ಎಷ್ಟು ದುಡಿಯುತ್ತಿದೆ ಎಂಬುದನ್ನು ಕಣ್ಸೆಳೆಯುವಂತೆ ತೋರಿಸುವುದು ಅವನ ಪ್ರಾಜೆಕ್ಟು. ಯೋಚನೆಗಳಿಗೇನೂ ಬರವಿರಲಿಲ್ಲ: ಕೆಲಸ ಹೆಚ್ಚಿದಂತೆ ಜೋರಾಗಿ ಈಜುವ ಮೀನುಗಳು, ಹಳೇ ಲಾರಿಯ ಸ್ಪೀಡೋಮೀಟರಿನ ಮುಳ್ಳು, ದಸರಾ ದೀಪಾಲಂಕಾರದಂತೆ ಹತ್ತಿ ಆರುವ ಬಣ್ಣದ ಕಂಬ.

ದೀಪದ ಹುಚ್ಚು ಅವನೊಬ್ಬನದಲ್ಲ. 1993ರ ‘ಜುರಾಸಿಕ್ ಪಾರ್ಕ್’ ಚಿತ್ರದಲ್ಲಿ ಕೆಂಪು ಚುಕ್ಕಿಗಳನ್ನು ಮಿನುಗಿಸುತ್ತಿದ್ದ ಕಪ್ಪು ಯಂತ್ರಗಳು ನೆನಪಿವೆಯೇ? ಅವು ಕನೆಕ್ಷನ್ ಮೆಷಿನ್ ಸಿಎಂ-5 ಎಂಬ ಸೂಪರ್ ಕಂಪ್ಯೂಟರಿನವು. 1995ರಲ್ಲಿ ಬಂದ ಬೀಬಾಕ್ಸ್ ಕಂಪ್ಯೂಟರಿನ ಮುಖದ ಮೇಲೆ ಎರಡು ಸಾಲು ದೀಪಗಳಿದ್ದವು. ಒಳಗಿನ ಎರಡು ಪ್ರೊಸೆಸರುಗಳ ದುಡಿಮೆಗೆ ತಕ್ಕಂತೆ ಅವು ಏರಿಳಿಯುತ್ತಿದ್ದವು. ನೋಡಲು ಸೊಗಸು. ನನ್ನ ಕಚೇರಿಯ ಗೋಡೆಯ ಮೇಲೂ ಬಣ್ಣದ ಗೀಟುಗಳ ದೊಡ್ಡ ಪರದೆಯಿದೆ. ಅತಿಥಿಗಳು ಬಂದ ದಿನ ಬಿಟ್ಟರೆ ಅದರತ್ತ ಯಾರೂ ತಿರುಗಿ ನೋಡುವುದಿಲ್ಲ.

“ದೀಪ ಇರಲಿ, ಅಳೆಯೋದೇನನ್ನ?” ಎಂದರು ಚಿಕ್ಕಪ್ಪ.

ಹಿಟ್ಟಿನ ಮಿಲ್ಲಿನ ಲೆಕ್ಕ ಹೇಳಿದೆ. ಕಲ್ಲಿಗೆ ಬಿದ್ದಿರುವ ಮೂಟೆಯೂ, ಸಾಲಿನಲ್ಲಿ ಕಾದಿರುವ ಮೂಟೆಗಳೂ ಸೇರಿ ಎಷ್ಟು? ಯುನಿಕ್ಸ್ ಯಂತ್ರಗಳಲ್ಲಿ ಲೋಡ್ ಆವರೇಜ್ ಎನ್ನುವುದು ಹೆಚ್ಚುಕಡಿಮೆ ಅದೇ. ಪ್ರೊಸೆಸರ್ ಒಂದೇ ಇದ್ದು ಲೆಕ್ಕ 4 ಬಂದರೆ, ಒಂದು ಮೂಟೆ ಬೀಸುತ್ತಿದೆ, ಮೂರು ಕಾದಿವೆ. ನಾಲ್ಕು ಕಲ್ಲುಗಳಿದ್ದರೆ ಅದೇ 4 ಏನೇನೂ ಭಾರವಲ್ಲ. ಯಂತ್ರ ಮೂರು ಸಂಖ್ಯೆ ಕೊಡುತ್ತದೆ: ಹಿಂದಿನ 1 ನಿಮಿಷದ್ದು, 5 ನಿಮಿಷದ್ದು, 15 ನಿಮಿಷದ್ದು.

ಚಿಕ್ಕಪ್ಪ ತಲೆಯಾಡಿಸಿ, ಎದ್ದು ಹೋಗಿ ಬ್ಯಾರನ್ನಿನ ಗಾಜಿಗೆ ಟಾರ್ಚು ಹಿಡಿದು ಥರ್ಮಾಮೀಟರ್ ನೋಡಿ ಬಂದರು. ಎಲೆ ಹಳದಿಗೆ ತಿರುಗುವ ಮೊದಲೇ ಕಾವೇರಿದರೆ ಹಸಿರು ಹಾಗೇ ನಿಂತುಬಿಡುತ್ತದೆ. ಹರಾಜಿನಲ್ಲಿ ದರ್ಜೆ ಬೀಳುತ್ತದೆ. ಕೊನೆಗೆ ಕಡ್ಡಿ ಒಣಗಿಸಲು 160 ಡಿಗ್ರಿ ಫ್ಯಾರನ್‌ಹೀಟಿನವರೆಗೂ ಏರಿಸಲೇಬೇಕು. “ಡಿಗ್ರಿ ಒಂದನ್ನೇ ನೋಡಿದ್ರೆ ಏನೂ ತಿಳಿಯಲ್ಲ. ಆಗ ಎಷ್ಟಿತ್ತು, ಈಗ ಎಷ್ಟಾಯ್ತು, ಅದನ್ನ ನೋಡಬೇಕು” ಎಂದರು.

ಅಲ್ಲಿಂದ ಮಾತು ಕಚೇರಿಯ ಸಾಲಿಗೆ ಹೊರಳಿತು. ಬಸ್ಸಿನ ಖರ್ಚು ದೊಡ್ಡದಲ್ಲ. ಬ್ಯಾರನ್ ಉರಿಯುವಾಗ ಒಂದು ಹಗಲು ಕಳೆಯುವುದು ದೊಡ್ಡದು. ಕೂರಬೇಕೋ, ಹೊರಡಬೇಕೋ ಎಂದು ಹೇಳುವವರೇ ಇಲ್ಲ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೇರಿದಾಗ ಕೌಂಟರಿನಲ್ಲಿ ರೈತನ ಕಡೆಗೂ ಒಂದು ಪರದೆ ತಿರುಗಿಸಿಡುವ ಏರ್ಪಾಟಿತ್ತು. ಆ ಬುದ್ಧಿ ನನಗಿಂದೂ ಮೆಚ್ಚುಗೆ. ಸರ್ವರಿನ ಭಾರವನ್ನೂ ಹಾಗೇಕೆ ಸಾಲಿನತ್ತ ತಿರುಗಿಸಬಾರದು?

ಹುಡುಗ ಮೀನು, ಮುಳ್ಳು ಎಲ್ಲ ಕೈಬಿಟ್ಟು ನೋಟ್‌ಬುಕ್ಕಿನಲ್ಲಿ ಮೂರು ಮೂಟೆ ಬರೆದ: ಕಾಲು ಗಂಟೆಯದು, ಐದು ನಿಮಿಷದ್ದು, ಈಗಿನದು. ಸಾಲು ಬೆಳೆದರೆ ಮೂಟೆ ಉಬ್ಬಬೇಕು.

“ಹಂಗಾದ್ರೆ ಕೊನೇ ಮೂಟೆ ಚಿಕ್ಕದಾಗಿದ್ರೆ ಕೂತ್ಕೋತೀನಿ, ದೊಡ್ಡದಾಗಿದ್ರೆ ಬಸ್ಸು ಹತ್ತೀನಿ” ಎಂದ ಚಿಕ್ಕಪ್ಪ, ಒಲೆಗೆ ಸೌದೆ ನೂಕುತ್ತ ಕೇಳಿದರು: “ಅಲ್ಲ ಮಗಾ, ಮಿಲ್ಲೇ ಕೆಟ್ಟು ಕೂತ್ರೆ ನಿನ್ನ ಮೂಟೆ ಏನ್ ತೋರಿಸ್ತದೆ?”

“ಕೊನೇಲಿ ಇದ್ದಿದ್ದನ್ನೇ ತಾತ... ಹಾಗೇ ನಿಂತುಬಿಡುತ್ತೆ” ಎಂದ ಹುಡುಗ ಪೆನ್ಸಿಲ್ ಕಚ್ಚಿಕೊಂಡು, ಹಾಳೆ ಮಗುಚಿದ.